ಅಂಜಲ್ ಪಾಸ್, ಬಂಗುಡೆ ಫೇಲ್

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಂತ್ರದ ಬೋಟುಗಳಿಗೆ ರಜೆ. ಬೆಂಗಳೂರಿನಲ್ಲಿರುವ ನನ್ನಂಥ ಮಂಗಳೂರಿನವರಿಗೆ ಆಗ ಹೆಚ್ಚಾಗಿ ಫ್ರೀಜರ್ ಮೀನೇ ಗತಿ. ಮನೆ ಹತ್ತಿರದ ಅಂಗಡಿಯಿಂದ ಎರಡು ಪ್ಯಾಕೆಟ್ ಮೀನು ತಂದೆ, ಒಂದು ಅಂಜಲ್, ಒಂದು ಬಂಗುಡೆ.

ಅಂಜಲ್ ಚೆನ್ನಾಗಿತ್ತು. ತವಾದಲ್ಲಿ ಒಂದು ತುಂಡೂ ಒಡೆಯಲಿಲ್ಲ.

ಬಂಗುಡೆ ಮಾತ್ರ ಬೇಜಾರು ಮಾಡಿತು. ಪ್ಯಾಕೆಟ್ ಒಳಗೆ ಐಸಿನ ಹರಳು ಜಾಸ್ತಿ, ಹೊಟ್ಟೆಯ ಬದಿ ಹಳದಿ. ರಾತ್ರಿ ಫ್ರಿಜ್‌ನ ಕೆಳಗಿನ ತಟ್ಟೆಯಲ್ಲಿಟ್ಟು ಕರಗಿಸಿದರೆ ಬೆಳಿಗ್ಗೆ ಹಳೇ ಎಣ್ಣೆಯ ಕಮಟು ವಾಸನೆ. ಬಂಗುಡೆಯಲ್ಲಿ ಕೊಬ್ಬು ಜಾಸ್ತಿ ಅಲ್ವಾ, ಮೈನಸ್ 18 ಡಿಗ್ರಿಯಲ್ಲೂ ಅದು ಗಾಳಿ ತಾಗಿ ನಿಧಾನವಾಗಿ ಕೆಡುತ್ತದೆ. ಆ ಚಳಿಗೆ ಬ್ಯಾಕ್ಟೀರಿಯಾ ಬೆಳೆಯುವುದು ನಿಲ್ಲುತ್ತದೆ, ಆದರೆ ಎಲ್ಲವೂ ಸಾಯುವುದಿಲ್ಲ. ಕರಗಿ ಬೆಚ್ಚಗಾದರೆ ಮತ್ತೆ ಕೆಲಸ ಶುರು. ಬಂಗುಡೆಯಲ್ಲಿ ಆಗ ಹಿಸ್ಟಮೈನ್ ಅನ್ನುವ, ತಿಂದರೆ ಅಲರ್ಜಿಯಂತೆ ಕಾಡುವ ವಸ್ತು ಹುಟ್ಟಬಹುದು, ಅದು ಎಷ್ಟು ಕುದಿಸಿದರೂ ಹೋಗುವುದಿಲ್ಲ.

ಪುಳಿಮುಂಚಿ ಮಸಾಲೆ ಅರೆದಾಗಿತ್ತು. ಮೀನು ಎಸೆದು ಅದಕ್ಕೆ ಮೊಟ್ಟೆ ಹಾಕಿದೆ.

ಅಂಗಡಿಯಲ್ಲಿ ಕೇಳಿದರೆ, "ಮೊನ್ನೆ ಅರ್ಧ ದಿನ ಕರೆಂಟ್ ಇರಲಿಲ್ಲ ಮೇಡಂ" ಅಂದರು. ದುಡ್ಡು ಸುಮ್ನೆ ವಾಪಸ್ ಕೊಟ್ಟರು. ಅಂಜಲ್‌ಗೆ ಮತ್ತೆ ಹೋಗುತ್ತೇನೆ. ಬಂಗುಡೆ ಆಗಸ್ಟ್‌ಗೆ.