ಕಾಫಿ ಪರವಾಗಿಲ್ಲ, ಕತೆ ಮಾತ್ರ ಸುಳ್ಳು

ಮಂಗಳೂರಲ್ಲಿ ನಮ್ಮ ಮನೆ ಹತ್ತಿರ ಹೊಸ ಕೆಫೆಯೊಂದು ಶುರುವಾಗಿದೆ, ಹೆಸರು ಬೇಡ. ಬನ್ಸ್ ಬಿಸಿಬಿಸಿ, ಮೆತ್ತಗೆ, ಅದಕ್ಕೆ ಪೂರ್ತಿ ಅಂಕ. ನನ್ನ ತಕರಾರು ಕಪುಚಿನೋದ್ದು, ಅದಕ್ಕಿಂತ ಜಾಸ್ತಿ ಮೆನು ಕಾರ್ಡಲ್ಲಿ ಅದರ ಕೆಳಗೆ ಬರೆದ ಕತೆಯದ್ದು.

1683ರಲ್ಲಿ ತುರ್ಕರ ಸೈನ್ಯ ವಿಯೆನ್ನಾದಿಂದ ಓಡುವಾಗ ಬಿಟ್ಟುಹೋದ ಕಾಫಿ ತುಂಬಾ ಕಹಿ ಇತ್ತಂತೆ, ಮಾರ್ಕೊ ದಾವಿಯಾನೊ ಎಂಬ ಕಪುಚಿನ್ ಸಭೆಯ ಕ್ರೈಸ್ತ ಗುರುಗಳು ಅದಕ್ಕೆ ಹಾಲು, ಜೇನು ಬೆರೆಸಿದರಂತೆ, ಅದೇ ಕಪುಚಿನೋ ಆಯಿತಂತೆ. ಗುರುಗಳು ಇದ್ದದ್ದು ನಿಜ, ಆ ಯುದ್ಧದಲ್ಲಿ ಸೈನ್ಯದ ಜೊತೆಗಿದ್ದದ್ದೂ ನಿಜ. ಕಾಫಿ ಮಾಡಿದ್ದು ಮಾತ್ರ ಸುಮ್ನೆ ಕಟ್ಟುಕತೆ.

ಇಟಾಲಿಯನ್ ಭಾಷೆಯಲ್ಲಿ ಕಪುಚ್ಚೊ ಅಂದರೆ ಕುಂಚಿಗೆ. ಮಳೆಗೆ ಕಂಬಳಿ ಕೊಪ್ಪೆ ಹಾಕಿಕೊಳ್ಳುತ್ತಾರಲ್ಲ, ಹೆಚ್ಚುಕಡಿಮೆ ಆ ಆಕಾರ. ಸಂತ ಫ್ರಾನ್ಸಿಸರ ದಾರಿ ಹಿಡಿದ ಕ್ರೈಸ್ತ ಸನ್ಯಾಸಿಗಳಾದ ಫ್ರಾನ್ಸಿಸ್ಕನ್ನರಲ್ಲೇ ಕೆಲವರು ಇನ್ನೂ ಬಡತನದಲ್ಲಿ ಬದುಕಬೇಕೆಂದು ಬೇರೆಯಾದರು, ಉದ್ದ ಚೂಪು ಕುಂಚಿಗೆಯ ಕಂದು ನಿಲುವಂಗಿ ತೊಟ್ಟರು. 1528ರಲ್ಲಿ ಪೋಪ್ ಒಪ್ಪಿಗೆ ಕೊಟ್ಟರು. ಅವರ ಸಭೆಯ ಹೆಸರಲ್ಲಿ ಇರುವುದು ‘ಕಿರಿಯ ಸಹೋದರರು’ ಅಂತ, ಆದರೆ ಜನ ಕರೆದದ್ದು ಕುಂಚಿಗೆಯವರು, ಅಂದರೆ ಕಪುಚಿನ್ನರು ಅಂತಲೇ, ಅದೇ ಉಳಿಯಿತು. ಆಮೇಲೆ ವಿಯೆನ್ನಾದವರು ಕಾಫಿಗೆ ಕೆನೆ ಬೆರೆಸಿದಾಗ ಆ ನಿಲುವಂಗಿಯ ಬಣ್ಣ ಬಂತೆಂದು ಅದನ್ನು ಕಪುಜಿನರ್ ಅಂದರು, ಇಟಲಿಗೆ ಹೋಗಿ ಅದು ಕಪುಚಿನೋ ಆಯಿತು. ಕಪುಚಿನ್ ಮಂಗನಿಗೂ ಹೆಸರು ಬಂದದ್ದು ಹೀಗೇ, ಪಾಪ, ಅದು ಯಾವ ಸಭೆಗೂ ಸೇರಿದ್ದಲ್ಲ.

ಅಂದರೆ ಹೆಸರು ಇರುವುದು ಬಣ್ಣಕ್ಕೆ, ನೊರೆಗೆ ಅಲ್ಲ, ಅಲ್ವಾ? ಬಿಜೈಯಲ್ಲಿರುವ ಕಪುಚಿನ್ ಗುರುಗಳ ಸಂತ ಅನ್ನಾ ಆಶ್ರಮದ ಕಡೆ ಓಡಾಡಿದವರಿಗೆ ಆ ಕಂದು ಬಣ್ಣ ಗೊತ್ತು. ಇಲ್ಲಿ 180 ರೂಪಾಯಿಗೆ ಕೊಟ್ಟದ್ದು ಹಾರ್ಲಿಕ್ಸ್ ಬಣ್ಣದ ಹಾಲು, ಮೇಲೆ ಎರಡು ಬೆರಳು ನೊರೆ, ನೊರೆಯ ಮೇಲೊಂದು ಎಲೆ ಚಿತ್ರ. ಚಿತ್ರ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ಕಾಫಿ ವಾಸನೆಯೇ ಇಲ್ಲ.

ಹುಡುಗನನ್ನು ಕರೆದು ಕೇಳಿದೆ. “ಇಲ್ಲಿ ಎಲ್ಲರಿಗೂ ಹೀಗೇ ಕೊಡುವುದು ಸರ್, ಸ್ಟ್ರಾಂಗ್ ಮಾಡಿದರೆ ವಾಪಸ್ ಕಳಿಸ್ತಾರೆ” ಅಂದ. ಪಾಪ, ಅವನದೇನು ತಪ್ಪು. ಇನ್ನೊಂದು ಶಾಟ್ ಹಾಕಿಸಿದೆ, 40 ರೂಪಾಯಿ ಜಾಸ್ತಿ ಆಯಿತು. ಚಮಚದಲ್ಲಿ ಕಲಕಿದೆ, ಎಲೆ ಹಾಳಾಯಿತು, ಬಣ್ಣ ಬಂತು.