ತಮ್ಮನ ಆರೈಕೆಗೆ ಏಜೆನ್ಸಿಯವನೋ, ಓಣಿಯ ಹುಡುಗನೋ?

ಬೆನ್ನುಹುರಿಗೆ ಪೆಟ್ಟು ಬಿದ್ದು ನಮ್ಮ ತಮ್ಮನಿಗೆ ಸೊಂಟದ ಕೆಳಗೆ ಸ್ವಾಧೀನ ಇಲ್ಲ. ಮುಧೋಳದ ಹತ್ತಿರದ ಹಳ್ಳಿಯಲ್ಲಿ ಮನೆಯಲ್ಲೇ ನೋಡಿಕೊಳ್ಳುವುದು ಹೇಗೆ ಅಂತ ಕೇಳುವವರು ಜಾಸ್ತಿ. ನಾವು ಬಳಸಿ ನೋಡಿದ್ದು ಹೀಗಿದೆ.

ಮೊದಲು ಏಜೆನ್ಸಿಯಿಂದ ಕೇರ್‌ಟೇಕರ್ ಕರೆಸಿದೆವು. ತಿಂಗಳಿಗೆ 20 ಸಾವಿರದ ಮೇಲೆ, ಊಟ ನಮ್ಮದೇ. ಕೆಲಸ ಬರುತ್ತಿತ್ತು, ಸುಳ್ಳು ಹೇಳಬಾರದು. ಮೂತ್ರದ ಚೀಲವನ್ನು ಹಾಸಿಗೆಗಿಂತ ಕೆಳಗೇ ತೂಗುಹಾಕುತ್ತಿದ್ದ, ನೆಲಕ್ಕೆ ತಾಗಿಸುತ್ತಿರಲಿಲ್ಲ. ಆದರೆ ಒಬ್ಬ ಹೊಂದಿಕೊಳ್ಳುವಷ್ಟರಲ್ಲಿ ಇನ್ನೊಬ್ಬ ಬರುತ್ತಿದ್ದ. ಪ್ರತಿ ಸಲ ಹೊಸಬನ ಕೈಯಲ್ಲಿ ಮೈ ಒರೆಸಿಕೊಳ್ಳುವುದು ತಮ್ಮನಿಗೆ ನಾಚಿಕೆ ಆಗುತ್ತಿತ್ತು.

ಆಮೇಲೆ ಓಣಿಯ ಹುಡುಗನನ್ನೇ ಕೇಳಿದೆವು, ಕಬ್ಬು ಕಡಿಯಲು ಹೋಗುತ್ತಿದ್ದವ. ಮನೆಗೆ ಬರುವ ಫಿಸಿಯೋಥೆರಪಿಸ್ಟ್ ಅವನಿಗೆ ಕಲಿಸಿದರು. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು. ಎಳೆಯದೆ ಚಾದರ ಸಮೇತ ಎತ್ತಿ ಸರಿಸಬೇಕು, ಇಲ್ಲದಿದ್ದರೆ ಚರ್ಮ ಕೀಳುತ್ತದೆ. ಹಿಮ್ಮಡಿ, ಬಾಲದೆಲುಬಿನ ಮೇಲೆ ಕೆಂಪಾಗಿದ್ದರೆ ಬೆರಳಿಂದ ಒತ್ತಿ ಬಿಡಬೇಕು. ಒತ್ತಿದ ಜಾಗ ಬಿಳುಪಾಗದೆ ಕೆಂಪಗೇ ಉಳಿದರೆ ಹುಣ್ಣು ಶುರುವಾಗಿದೆ ಅಂತ ಅರ್ಥ. ಈಗ ಅವನೇ "ಅಕ್ಕಾರ, ಇಲ್ಲಿ ನೋಡ್ರಿ" ಅಂತ ಕರೆದು ತೋರಿಸುತ್ತಾನೆ. ಕರೆಂಟ್ ಹೋಗಿ ಏರ್‌ಬೆಡ್‌ನ ಗಾಳಿ ಇಳಿದರೆ ಫೋನ್ ಮಾಡುವ ಮೊದಲೇ ಬಂದಿರುತ್ತಾನೆ. ಕಬ್ಬಿನ ಸೀಜನ್‌ನಲ್ಲಿ ಮಾತ್ರ ಹೊಲದ ಕೂಲಿಯಷ್ಟೇ ನಾವೂ ಕೊಡಬೇಕು. ನ್ಯಾಯವೇ ಅಲ್ವಾ? ರಾತ್ರಿ ಪಾಳಿ ಅವ್ವನದು, ನನ್ನದು.

ಫಿಸಿಯೋ ಮನೆಗೆ ಬರುವುದೇ ಲೇಸು. ತಮ್ಮನನ್ನು ಆಸ್ಪತ್ರೆಗೆ ಕರೆದೊಯ್ಯುವ ಕಾರಿನ ಬಾಡಿಗೆ ಉಳಿದದ್ದು ಅವರ ಫೀಗೆ ಸಾಕಾಗುತ್ತದೆ.

ಇನ್ನು ಸರ್ಕಾರದ ಕಡೆ. ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು ಯುಡಿಐಡಿ ಕಾರ್ಡಿಗೂ (ಅಂಗವಿಕಲರ ಗುರುತಿನ ಚೀಟಿ) ಮಾಸಾಶನಕ್ಕೂ ಬೆನ್ನು ಹತ್ತಿ ಕೆಲಸ ಮಾಡಿಸಿದರು. ಅವರೂ ಅಂಗವಿಕಲರೇ. ಆದರೆ ಇಡೀ ಪಂಚಾಯಿತಿಗೆ ಅವರೊಬ್ಬರೇ, ಮಗ್ಗುಲು ಬದಲಿಸಲು ಬರಲಾಗುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆರೈಕೆ ಭತ್ಯೆಯ ಮಾತಿದೆ. ರಾಜ್ಯದ 2024-25ರ ಬಜೆಟ್‌ನಲ್ಲಿ ಆರೈಕೆ ಮಾಡುವವರಿಗೆ ತಿಂಗಳಿಗೆ 1,000 ರೂಪಾಯಿ ಅಂತ ಘೋಷಿಸಿದಾಗ ಹೆಸರಿಸಿದ್ದು ಮೈ ಸ್ವಾಧೀನ ಕೆಡಿಸುವ ನಾಲ್ಕು ತೊಂದರೆಗಳನ್ನು: ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್. ಬೆನ್ನುಹುರಿ ಪೆಟ್ಟು ಅದರಲ್ಲಿರಲಿಲ್ಲ. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸುವ ಕಷ್ಟ ನಮಗೂ ಅದೇ ಅಲ್ವಾ?

ಹೊಸದಾಗಿ ಆಸ್ಪತ್ರೆಯಿಂದ ಮನೆಗೆ ಬಂದವರು ಶುರುವಿಗೆ ಏಜೆನ್ಸಿಯವರನ್ನೇ ಇಟ್ಟುಕೊಳ್ಳಿ. ಆದರೆ ಮೊದಲ ದಿನದಿಂದಲೇ ಊರಿನವರೊಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿ ಕಲಿಸಿ, ಸಂಬಳ ಕೊಟ್ಟೇ.