ಮಗ್ಗದ ಮನೆಯಲ್ಲಿ ಆರ್‌ಟಿಎಕ್ಸ್ 3060: ಮೂರು ಬೇಸಿಗೆ ಬಳಸಿದ ಮೇಲೆ

ಈ ಗ್ರಾಫಿಕ್ಸ್ ಕಾರ್ಡ್, ಅಂದರೆ ಕಂಪ್ಯೂಟರ್‌ನಲ್ಲಿ ಗೇಮ್‌ನ ಚಿತ್ರ ಮೂಡಿಸುವ ಭಾಗ, ತಗೊಂಡಿದ್ದು 2022ರ ನವೆಂಬರ್‌ನಲ್ಲಿ, ಹುಬ್ಬಳ್ಳಿಯಲ್ಲಿ. ಆರ್‌ಟಿಎಕ್ಸ್ 3060, 12 ಜಿಬಿ, ಎರಡು ಫ್ಯಾನಿನದ್ದು. ಗೇಮ್ ಆಡಲು ಇದು ಇವತ್ತಿಗೂ ನನಗೆ ಸಾಕು. 1080ಪಿ ಮಾನಿಟರ್‌ನಲ್ಲಿ ಫೋರ್ಝಾ ಹರೈಜನ್ 5 ಆರಾಮಾಗಿ ಓಡುತ್ತದೆ. ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಬರೆಯಬೇಕಾಗಿರುವುದು ಬಿಸಿಯ ಬಗ್ಗೆ.

ನಮ್ಮ ಮನೆ ಗದಗ-ಬೆಟಗೇರಿಯಲ್ಲಿ, ನೇಕಾರರ ಓಣಿ. ಕೆಳಗೆ ಅಪ್ಪನ ಮಗ್ಗ, ಮೇಲೆ ನನ್ನ ಕೋಣೆ. ಆರ್‌ಸಿಸಿ ಛತ್ತು, ಅದರ ಮೇಲೆ ದಿನವಿಡೀ ಬಿಸಿಲು. ವಿಡಿಯೋಗಳಲ್ಲಿ ಕಾರ್ಡ್ ಪರೀಕ್ಷೆ ಮಾಡುವವರು ಎಸಿ ಹಾಕಿಕೊಂಡು 65 ಡಿಗ್ರಿ ತೋರಿಸುತ್ತಾರೆ. ಅದು ಸುಳ್ಳಲ್ಲ. ಆದರೆ ಫ್ಯಾನಿನಿಂದ ತಣ್ಣಗಾಗುವ ಕಾರ್ಡ್ ಯಾವತ್ತೂ ಕೋಣೆಯ ಬಿಸಿಯ ಮೇಲೆಯೇ ಏರುತ್ತದೆ. ನನ್ನದು ಹೊಸದರಲ್ಲಿ ಕೋಣೆಗಿಂತ 42 ಡಿಗ್ರಿ ಮೇಲೆ ನಿಲ್ಲುತ್ತಿತ್ತು. ಡಿಸೆಂಬರ್ ರಾತ್ರಿ ಕೋಣೆ 24 ಇದ್ದಾಗ ಕಾರ್ಡ್ 66. ಏಪ್ರಿಲ್ ಸಂಜೆ ಕೋಣೆ 36 ಆದರೆ ಅದೇ ಕಾರ್ಡ್ 78 ಆಗಲೇಬೇಕು, ಅಲ್ವಾ? ಹಾಗಾಗಿ ಗೋಡೆಗೆ ಒಂದು ಸಣ್ಣ ಥರ್ಮಾಮೀಟರ್ ತೂಗುಹಾಕಿದೆ. ಕಾರ್ಡಿನ ಅಂಕಿಯಿಂದ ಕೋಣೆಯ ಅಂಕಿ ಕಳೆದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಕಾರ್ಡಿನ ಆರೋಗ್ಯ ಗೊತ್ತಾಗುವುದು ಈ ವ್ಯತ್ಯಾಸದಿಂದ.

ಮೊದಲ ಬೇಸಿಗೆಯಲ್ಲಿ, 2023ರ ಏಪ್ರಿಲ್‌ನಲ್ಲಿ, ವ್ಯತ್ಯಾಸ 48ಕ್ಕೆ ಏರಿತು. ಕಾರ್ಡ್ 84 ಮುಟ್ಟಿತು. ಈ ಚಿಪ್‌ನ ಗರಿಷ್ಠ ಮಿತಿ 93 ಡಿಗ್ರಿ. ಆದರೆ ಅಲ್ಲಿಯವರೆಗೆ ಅದು ಸುಮ್ನೆ ಕೂರುವುದಿಲ್ಲ. ಬಿಸಿ ಏರಿದಂತೆ ಸ್ವಲ್ಪ ಸ್ವಲ್ಪವೇ ವೇಗ ಇಳಿಸುತ್ತ ಬರುತ್ತದೆ, 83ರ ಹತ್ತಿರ ಬಂದಾಗ ಜಾಸ್ತಿಯೇ ಇಳಿಸುತ್ತದೆ. ನನ್ನ ಕಾರ್ಡ್ 1,890 ಮೆಗಾಹರ್ಟ್ಸ್‌ನಿಂದ 1,700ಕ್ಕೆ ಬಿದ್ದಿತ್ತು. ಕೊಂಡ ಅಂಗಡಿಗೆ ಫೋನ್ ಮಾಡಿದೆ. "ಬ್ಯಾಸಿಗ್ಯಾಗ ಇಷ್ಟ ರೀ, ನಾರ್ಮಲ್" ಎಂದರು. ನನಗೆ ಸಮಾಧಾನ ಆಗಲಿಲ್ಲ.

ಕಂಪ್ಯೂಟರಿನ ಕ್ಯಾಬಿನೆಟ್ ಬಿಚ್ಚಿದೆ. ಚಿಪ್‌ನ ಬಿಸಿ ಹೀರಿ ಗಾಳಿಗೆ ಬಿಡುವ ಹೀಟ್‌ಸಿಂಕ್‌ನ ತಗಡುಗಳ ನಡುವೆ ದೀಪದ ಬತ್ತಿಯಂತೆ ಹೊಸೆದುಕೊಂಡ ನೂಲಿನ ಎಳೆಗಳು. ಆ ತಿಂಗಳು ಅಪ್ಪ ನೇಯುತ್ತಿದ್ದ ಸೀರೆಯ ಕೆಂಪು ಬಣ್ಣ ಕೂಡ ಅದರಲ್ಲಿತ್ತು. ಮಣ್ಣಿನ ಧೂಳು ಊದಿದರೆ ಹಾರುತ್ತದೆ. ಎಳೆ ಹಾಗಲ್ಲ, ಒಂದಕ್ಕೊಂದು ಸಿಕ್ಕಿಕೊಂಡು ಕಂಬಳಿಯಾಗುತ್ತದೆ. ಅಪ್ಪ ಬಾಗಿಲಲ್ಲಿ ನಿಂತು ನೋಡಿದರು. "ಮಗ್ಗಾನ ವಾರಕ್ಕೊಮ್ಮಿ ಝಾಡಸ್ತೀವಿ. ಈ ಡಬ್ಬಿ ಆರ್ ತಿಂಗಳಿಂದ ಹಂಗ ಬಿಟ್ಟೀಯಲ್ಲೋ ತಮ್ಮಾ" ಎಂದರು. ಆ ಮಾತು ಸರಿಯಾಗಿತ್ತು.

ಈಗ ತಿಂಗಳಿಗೊಮ್ಮೆ ಬಿಚ್ಚುತ್ತೇನೆ. ಮೆತ್ತನೆ ಬ್ರಷ್‌ನಿಂದ ಎಳೆ ಬಿಡಿಸಿ ಆಮೇಲೆ ಬ್ಲೋವರ್. ಬ್ಲೋವರ್ ಹಿಡಿಯುವಾಗ ಕಾರ್ಡಿನ ಫ್ಯಾನನ್ನು ಬೆರಳಿನಿಂದ ಒತ್ತಿ ಹಿಡಿಯಿರಿ. ಗಾಳಿಗೆ ಅದು ಮಿತಿ ಮೀರಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ನಾನು ಮೊದಲ ಸಲ ಹಿಡಿದಿರಲಿಲ್ಲ. ಅದರ ಫಲ ಮುಂದೆ ಹೇಳುತ್ತೇನೆ.

ಹಳೆ ಕ್ಯಾಬಿನೆಟ್‌ಗೆ ಮುಂದೆ ಗಾಜು ಇತ್ತು, ನೋಡಲು ಚಂದ. ಆದರೆ ಗಾಳಿಗೆ ದಾರಿಯೇ ಇರಲಿಲ್ಲ. ಜಾಳಿಗೆ ಇರುವುದು ತಂದೆ. ಮುಂದೆ ಎರಡು 120 ಮಿಲಿಮೀಟರ್ ಫ್ಯಾನ್ ಒಳಗೆ ಎಳೆಯುತ್ತವೆ, ಹಿಂದೆ ಒಂದು ಹೊರಗೆ ತಳ್ಳುತ್ತದೆ. ಒಳಗೆ ಬರುವ ಗಾಳಿ ಜಾಸ್ತಿ ಇದ್ದರೆ ಸಂದಿಗೊಂದಿಗಳಿಂದ ಗಾಳಿ ಹೊರಗೇ ಹೋಗುತ್ತದೆ, ಧೂಳು ಅಲ್ಲಿಂದ ನುಗ್ಗುವುದಿಲ್ಲ. ಮುಂದಿನ ಫಿಲ್ಟರ್ ಒಂದನ್ನೇ ತೊಳೆದರೆ ಆಯಿತು. ಆಷಾಢದ ಗಾಳಿ ಶುರುವಾದರೆ ಹತ್ತು ದಿನಕ್ಕೇ ಆ ಫಿಲ್ಟರ್ ಮುಚ್ಚಿಹೋಗುತ್ತದೆ. ಕಪ್ಪತಗುಡ್ಡದ ಮೇಲೆ ಗಾಳಿ ಗಿರಣಿಗಳನ್ನು ತಿರುಗಿಸುವ ಗಾಳಿ ಅದು. ಎರೆ ಮಣ್ಣು, ಮಸಾರಿ ಮಣ್ಣು ಎರಡನ್ನೂ ಹೊತ್ತು ತರುತ್ತದೆ. ಕ್ಯಾಬಿನೆಟ್ಟನ್ನು ನೆಲದಿಂದ ಎತ್ತಿ ಸ್ಟೂಲ್ ಮೇಲೆ ಇಟ್ಟಿದ್ದೂ ಬಹಳ ಉಪಯೋಗಕ್ಕೆ ಬಂತು. ಇಷ್ಟಾದ ಮೇಲೆ ವ್ಯತ್ಯಾಸ 39.

ಒಂದು ರೂಪಾಯಿ ಖರ್ಚಿಲ್ಲದೆ ಅತಿ ಹೆಚ್ಚು ಲಾಭ ಕೊಟ್ಟದ್ದು ಅಂಡರ್‌ವೋಲ್ಟ್, ಅಂದರೆ ಚಿಪ್‌ಗೆ ಹೋಗುವ ವೋಲ್ಟೇಜ್ ಇಳಿಸುವುದು. ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ಸಾಫ್ಟ್‌ವೇರ್‌ನಲ್ಲಿ ಕಂಟ್ರೋಲ್ ಮತ್ತು ಎಫ್ ಒತ್ತಿದರೆ ವೋಲ್ಟೇಜಿನ ಗೆರೆ ತೆರೆದುಕೊಳ್ಳುತ್ತದೆ. 875 ಮಿಲಿವೋಲ್ಟ್ ಬಿಂದುವನ್ನು 1,850 ಮೆಗಾಹರ್ಟ್ಸ್‌ಗೆ ಎಳೆದು, ಅದರ ಬಲಗಡೆ ಇರುವುದನ್ನೆಲ್ಲ ಅದೇ ಮಟ್ಟಕ್ಕೆ ಸಮ ಮಾಡಿದೆ. ಮೊದಲು 1,900 ಇಟ್ಟು ನೋಡಿದ್ದೆ. ಇಪ್ಪತ್ತು ನಿಮಿಷಕ್ಕೆ ಗೇಮ್ ತಾನಾಗಿಯೇ ಮುಚ್ಚಿಕೊಂಡಿತು. ನಿಮ್ಮ ಕಾರ್ಡಿಗೆ ಇದೇ ಅಂಕಿ ಹೊಂದಬೇಕೆಂದಿಲ್ಲ. ಹಾಗೆ ಮುಚ್ಚಿಕೊಂಡರೆ 15 ಮೆಗಾಹರ್ಟ್ಸ್‌ನಂತೆ ಇಳಿಸುತ್ತ ಹೋಗಿ. 170 ವಾಟ್ ಎಳೆಯುತ್ತಿದ್ದ ಕಾರ್ಡ್ ಈಗ 125ರ ಆಸುಪಾಸಿನಲ್ಲಿದೆ. ಕಳೆದುಕೊಂಡದ್ದು ಸೆಕೆಂಡಿಗೆ ಎರಡು ಮೂರು ಫ್ರೇಮ್ ಮಾತ್ರ. ವ್ಯತ್ಯಾಸ 39ರಿಂದ 32ಕ್ಕೆ ಇಳಿಯಿತು. ಕಾರ್ಡ್ ಎಳೆದ ಕರೆಂಟೆಲ್ಲ ಕೊನೆಗೆ ಬಿಸಿಯಾಗಿ ಕೋಣೆಗೇ ಬರುತ್ತದೆ. ನಮ್ಮಂಥ ಸಣ್ಣ ಕೋಣೆಯಲ್ಲಿ 45 ವಾಟ್ ಕಡಿಮೆಯಾದದ್ದು ಮೈಗೇ ಗೊತ್ತಾಗುತ್ತದೆ.

ಏರ್ ಕೂಲರ್ ಬಗ್ಗೆ ಗೆಳೆಯರು ಬಹಳ ಕೇಳುತ್ತಾರೆ. ಒಣ ಬಿಸಿಲಿನ ಏಪ್ರಿಲ್‌ನಲ್ಲಿ ಅದು ಕೋಣೆಯನ್ನು ತಂಪು ಮಾಡುತ್ತದೆ, ನಿಜ. ಆದರೆ ನೇರ ಕಂಪ್ಯೂಟರಿಗೆ ತಿರುಗಿಸಬೇಡಿ. ನಮ್ಮ ಬೋರ್ ನೀರು ಗಡಸು. ಹನಿ ಸಿಡಿದು ಒಣಗಿದಲ್ಲಿ ಬಿಳಿ ಉಪ್ಪು ಕೂರುತ್ತದೆ. ನಾನು ಕಿಟಕಿಯ ಹೊರಗಿಟ್ಟು ಮಂಚದ ಕಡೆ ತಿರುಗಿಸಿದ್ದೇನೆ.

ಎರಡು ವರ್ಷ ದಾಟಿದ ಮೇಲೆ ಇನ್ನೊಂದು ತೊಂದರೆ ಬಂತು. ಕಾರ್ಡಿನ ಅಂಕಿಗಳನ್ನು ತೋರಿಸುವ ಜಿಪಿಯು-ಝಡ್ ಸಾಫ್ಟ್‌ವೇರ್‌ನಲ್ಲಿ ಹಾಟ್‌ಸ್ಪಾಟ್ ಎಂಬ ಅಂಕಿ ಇರುತ್ತದೆ. ಚಿಪ್‌ನ ಅತಿ ಬಿಸಿಯಾದ ಜಾಗ ಅದು. ಹೊಸದರಲ್ಲಿ ಮಾಮೂಲಿ ಅಂಕಿಗಿಂತ 12 ಡಿಗ್ರಿ ಮೇಲಿತ್ತು. 2025ರ ಜನವರಿಗೆ ಆ ಅಂತರ 27 ಆಯಿತು. ಇದು ಚಿಪ್ ಮತ್ತು ಹೀಟ್‌ಸಿಂಕ್ ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ಒಣಗಿದ ಲಕ್ಷಣ. ವಾರಂಟಿ ಇನ್ನೂ ಕೆಲವು ತಿಂಗಳು ಬಾಕಿ ಇತ್ತು, ಸರ್ವಿಸ್‌ಗೆ ಕಳಿಸಿದೆ. ಹದಿನೆಂಟು ದಿನ ಇಟ್ಟುಕೊಂಡು "ತೊಂದರೆ ಇಲ್ಲ" ಎಂದು ಚೀಟಿ ಹಚ್ಚಿ ವಾಪಸ್ ಕಳಿಸಿದರು. ಅಂತರ ಅದೇ 27. ಹಣ ಕೊಟ್ಟು ಕೊಂಡವನಿಗೆ ಇದು ನೋವಿನ ವಿಷಯ.

ಹಾಗಾಗಿ ವಾರಂಟಿ ಆಸೆ ಬಿಟ್ಟು ನಾನೇ ಬಿಚ್ಚಿದೆ. ಹತ್ತು ನಿಮಿಷ ಗೇಮ್ ಓಡಿಸಿ ಆಫ್ ಮಾಡಿ ಬಿಚ್ಚಿದರೆ ಪೇಸ್ಟ್ ಮೆತ್ತಗಿರುತ್ತದೆ. ಹೀಟ್‌ಸಿಂಕ್ ಎಳೆಯಬಾರದು, ಮೆಲ್ಲಗೆ ಆಚೀಚೆ ತಿರುಚಬೇಕು. ಪೇಸ್ಟ್ ಒಣ ಸುಣ್ಣದಂತೆ ಪುಡಿಯಾಗುತ್ತಿತ್ತು. ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ ಆರ್ಕ್ಟಿಕ್ ಎಂಎಕ್ಸ್-4 ಎಂಬ ಹೊಸ ಪೇಸ್ಟ್ ಹಚ್ಚಿದೆ. ಮೆಮೊರಿಯ ಬಿಸಿಯನ್ನು ಹೀಟ್‌ಸಿಂಕ್‌ಗೆ ದಾಟಿಸುವ ಮೆತ್ತನೆ ಪ್ಯಾಡ್‌ಗಳಲ್ಲಿ ಒಂದು ಹರಿದಿತ್ತು. ಲೇತ್ ಅಂಗಡಿಯ ಕಾಕಾನ ಹತ್ತಿರ ವರ್ನಿಯರ್ ತಂದು, ಹಳೆ ಪ್ಯಾಡ್‌ನ ಒತ್ತಿಹೋಗದ ಅಂಚನ್ನು ಅಳೆದೆ: 1.5 ಮಿಲಿಮೀಟರ್. ಅಂದಾಜಿನಲ್ಲಿ ದಪ್ಪ ಪ್ಯಾಡ್ ಹಾಕಿದರೆ ಹೀಟ್‌ಸಿಂಕ್ ಚಿಪ್‌ಗೆ ತಾಗುವುದೇ ಇಲ್ಲ. ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪ ಬಿಗಿ ಮಾಡಿದೆ. ಅಂತರ 13ಕ್ಕೆ ಬಂತು. ಆ ರಾತ್ರಿಯ ಖುಷಿ ದೊಡ್ಡದು.

ಕಳೆದ ಏಪ್ರಿಲ್‌ನಲ್ಲಿ ಕೋಣೆ 37 ಇದ್ದಾಗ ಕಾರ್ಡ್ 69 ದಾಟಲಿಲ್ಲ. ಫ್ಯಾನ್ ಮೊದಲು ನಿಮಿಷಕ್ಕೆ 2,100 ಸುತ್ತು ತಿರುಗುತ್ತಿತ್ತು, ಈಗ 1,600 ಸಾಕು. ಉಳಿದಿರುವುದು ಒಂದೇ ತಕರಾರು. ಅಂದು ಬ್ಲೋವರ್ ಹೊಡೆತ ತಿಂದ ಎಡಗಡೆಯ ಫ್ಯಾನ್ 1,500 ದಾಟಿದರೆ ಕಿರ್ರೆನ್ನುತ್ತದೆ. ಅದರ ಹಿಂದೆ ಬರೆದಿರುವ ಮಾದರಿ ಸಂಖ್ಯೆ ನೋಡಿ ಅಂಥದ್ದೇ ಜೋಡಿ ಆರ್ಡರ್ ಮಾಡಿದ್ದೇನೆ. ಯುಗಾದಿಯೊಳಗೆ ಬದಲಿಸುತ್ತೇನೆ.